ಕನ್ನಡಿಯ ಕೆಳಗಿನ ಏಡಿಗಳು

ಗುರುವಾಯನಕೆರೆಯ ಆ ಸೆಲೂನಿನಲ್ಲಿ ಕನ್ನಡಿಯ ಕೆಳಗೆ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಅರ್ಧ ಕೆಸರು, ಅರ್ಧ ನೀರು, ಎರಡು ಏಡಿಗಳು. ಸೆಲೂನಿನವರು ತಲೆಗೆ ನೀರು ಸಿಂಪಡಿಸುವ ಬಾಟಲಿಯಿಂದಲೇ ಅವಕ್ಕೂ ಸಿಂಪಡಿಸುತ್ತಿದ್ದರು. ಏಡಿ ನೋಡಲು ಬಗ್ಗಿದವರ ಗಲ್ಲ ಹಿಡಿದು ನೇರ ಮಾಡಿ ಹೇಳುತ್ತಿದ್ದರು: "ಅಲುಗಾಡಬೇಡಿ, ಸ್ವಲ್ಪ ಉಂಟು."

ಒಂದು ಬೆಳಿಗ್ಗೆ ನಾನು ಸರದಿ ಕಾಯುತ್ತಿದ್ದೆ. ಕುರ್ಚಿಯಲ್ಲಿದ್ದ ನಿವೃತ್ತ ಮಾಸ್ಟ್ರಿಗೆ ಒಂದು ಕೆನ್ನೆಯ ಕ್ಷೌರ ಮಾತ್ರ ಮುಗಿದಿತ್ತು.

"ಸಣ್ಣದು ಸತ್ತಿದೆ ಮಾರಾಯ. ದೊಡ್ಡದನ್ನಾದರೂ ಮಸಾಲೆ ಹಾಕಿ ಸುಕ್ಕ ಮಾಡಿ ತಿನ್ನು," ಎಂದರು ಮಾಸ್ಟ್ರು.

ಸೆಲೂನಿನವರು ಬಗ್ಗಿ ನೋಡಿದರು. "ಸತ್ತದ್ದಲ್ಲ ಮಾಸ್ಟ್ರೇ, ಚಿಪ್ಪು ಕಳಚುತ್ತಾ ಉಂಟು. ಈಗ ಮೈ ಮೆತ್ತಗೆ. ದೊಡ್ಡದಕ್ಕೆ ಸಿಕ್ಕಿದರೆ ತಿಂದೇ ಬಿಡ್ತದೆ."

ದೊಡ್ಡ ಏಡಿ ಆಗಲೇ ಅದರತ್ತ ಹೊರಟಿತ್ತು. ಅವರು ಕತ್ತಿ ಕೆಳಗಿಟ್ಟು, ಎರಡರ ನಡುವೆ ಅಂಗೈಯನ್ನು ಗೋಡೆಯ ಹಾಗೆ ಇಳಿಸಿದರು. ದೊಡ್ಡದು ಬೆರಳನ್ನು ಕಚ್ಚಿ ಹಿಡಿಯಿತು.

"ಕೈ ತೆಗೆ ಮಾರಾಯ, ರಕ್ತ ಬರ್ತಾ ಉಂಟು!"

"ಎಳೆದರೆ ಇದು ಸಣ್ಣದರ ಮೇಲೆಯೇ ಬೀಳ್ತದೆ. ನೀವು ಅಲುಗಾಡಬೇಡಿ, ಸ್ವಲ್ಪ ಉಂಟು."

ಮಾಸ್ಟ್ರು ಹೋಗಬೇಕಿದ್ದ ಮೂಡುಬಿದಿರೆ ಬಸ್ಸು ಹೊರಗೆ ಹಾರ್ನ್ ಹಾಕಿ ಹೋಯಿತು. ಅವರು ಒಣಗುತ್ತಿದ್ದ ನೊರೆಯಲ್ಲಿ ಕುಳಿತೇ ಇದ್ದರು. ಕೊನೆಗೆ ಸಣ್ಣ ಏಡಿ ಹಳೆಯ ಚಿಪ್ಪಿನಿಂದ ಹಿಮ್ಮುಖವಾಗಿ ಹೊರಬಂದು ಕಲ್ಲಿನ ಅಡಿ ಸೇರಿತು. ಆಮೇಲೆಯೇ ಸೆಲೂನಿನವರು ಬೆರಳು ಬಿಡಿಸಿಕೊಂಡು ದೊಡ್ಡದನ್ನು ಬಕೆಟ್ಟಿಗೆ ಹಾಕಿದ್ದು.

ಮಾಸ್ಟ್ರು ಮೇಜಿನ ಮೇಲಿದ್ದ, ಕ್ಷೌರದ ನಂತರ ಕೆನ್ನೆಗೆ ಉಜ್ಜುವ ಪಟಿಕದ ತುಂಡನ್ನು ಎತ್ತಿಕೊಂಡು ಆ ಬೆರಳಿಗೆ ಉಜ್ಜಿದರು. ಉರಿ ತಾಳದೆ ಸೆಲೂನಿನವರು ಕೈ ಎಳೆದುಕೊಂಡರು.

"ಅಲುಗಾಡಬೇಡ," ಎಂದರು ಮಾಸ್ಟ್ರು. "ಸ್ವಲ್ಪ ಉಂಟು."