ಮೂರು ಪಾಲಾದ ಶಿಲಾಯುಗ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆಲ್ಲೋ ಗೊತ್ತಾಗಿ, ಈಯಮ್ಮ ಯಾಕೆ ಹೀಗೆ ಸಿಡಿಮಿಡಿ ಅನ್ನುತ್ತಿದ್ದಾಳೆ ಎಂದು ನೀವು ಗಾಬರಿಯಾಗುವುದು ಬೇಡ. ಸಿಟ್ಟು ಒಂದು ಕಾದಂಬರಿಯ ಮೇಲೆ. ಅಲ್ಲ, ಕಾದಂಬರಿ ಪಾಪದ್ದು, ಅದೇನು ಮಾಡೀತು? ಅದನ್ನು ಓದುವವರ ಮೇಲೆ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ನನ್ನ ಮೊದಲ ಪಾಠ ವಸ್ತು ವಿನಿಮಯ. ದುಡ್ಡು ಹುಟ್ಟುವುದಕ್ಕೆ ಮುಂಚೆ ಮನುಷ್ಯ ಜೋಳ ಕೊಟ್ಟು ಕುರಿ ತರುತ್ತಿದ್ದ; ಕುರಿ ಇದ್ದವನಿಗೆ ಜೋಳ ಬೇಡವಾಗಿದ್ದರೆ ಇಬ್ಬರೂ ಮುಖ ಮುಖ ನೋಡಿಕೊಂಡು ಮನೆಗೆ ಹೋಗುತ್ತಿದ್ದರು, ಹೀಗೆ. ಇಷ್ಟು ವರ್ಷ ಇದನ್ನೇ ಒದರಿದವಳಿಗೆ ಬುದ್ಧಿ ಬರಬೇಕಿತ್ತೋ ಇಲ್ಲವೋ? ಬರಲಿಲ್ಲ. ಮನೆಯಲ್ಲಿ ಪುಸ್ತಕ ಇಡಲು ಜಾಗವಿಲ್ಲ, ಇನ್ನು ಅದಲು ಬದಲು ಮಾಡಿಕೊಂಡು ಓದೋಣ ಎಂದು ಮೂವರು ಸೇರಿ ಒಂದು ಏರ್ಪಾಡು ಮಾಡಿಕೊಂಡೆವು. ನಾನು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಮನೆಯ ಗಿರಿಜಮ್ಮ, ಮತ್ತು ಕುರುಗೋಡಿನಲ್ಲಿ ಅಂಜೂರದ ತೋಟ ಮಾಡಿಕೊಂಡು ಸಿಕ್ಕಿದ್ದೆಲ್ಲ ಓದುವ ವೀರಭದ್ರಪ್ಪನವರು. ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಸೇರುವುದು, ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನುವುದು, ಕೈ ತೊಳೆಯುವುದು, ಪುಸ್ತಕ ಬದಲಿಸಿಕೊಳ್ಳುವುದು. ಕೈ ತೊಳೆಯುವ ನಿಯಮ ನನ್ನದು. ಓದಿ ಮುಗಿದಿರಲಿ ಬಿಡಲಿ, ಆ ದಿನ ಪುಸ್ತಕ ಕೈ ಬದಲಾಗಲೇಬೇಕು ಎಂಬ ನಿಯಮವೂ ನನ್ನದೇ.

ಈ ಎರಡನೆಯದೇ ನನಗೆ ಮುಳುವಾಯಿತು. ಇಟ್ಟಿಗೆಯಷ್ಟು ದಪ್ಪದ ಒಂದು ಕಾದಂಬರಿ ಕೊಂಡಿದ್ದೆ, ಶಿಲಾಯುಗದ್ದು. ಬಂಡೆಗುಡ್ಡದ ಬುಡದಲ್ಲಿ ಬದುಕುವ ಒಂದು ಗುಂಪು. ಅವರಿಗೆ ಪ್ರಾಣಿ ಎಂದರೆ ಊಟ, ಅಷ್ಟೇ. ಅವರಲ್ಲೊಬ್ಬ ಹುಡುಗಿ ಕಾಡುಹಸುವಿನ ತಬ್ಬಲಿ ಕರುವನ್ನು ಯಾರಿಗೂ ಕಾಣದಂತೆ ಸಾಕುತ್ತಾಳೆ. ಬೇಟೆ ಸಿಗದ ದಿನಗಳು ಬರುತ್ತವೆ, ಗುಟ್ಟು ರಟ್ಟಾಗುತ್ತದೆ, ಗುಂಪಿನ ಹಿರಿಯ ನಾಳೆ ಬೆಳಗ್ಗೆ ಕರುವನ್ನು ಕೊಯ್ಯಿರಿ ಎನ್ನುತ್ತಾನೆ. ಹುಡುಗಿ ಕತ್ತಲಲ್ಲೇ ಕರುವನ್ನು ಬಿಚ್ಚಿಕೊಂಡು ಹೊಳೆಯತ್ತ ಓಡುತ್ತಾಳೆ, ಹಿಂದೆ ಪಂಜು ಹಿಡಿದ ಜನ. ನಾನು ಅಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಗಿರಿಜಮ್ಮ ಬಾಗಿಲು ಬಡಿದರು. "ಇನ್ನೊಂದೆರಡು ದಿನ..." ಎಂದು ರಾಗ ಎಳೆದೆ.

"ನಿಯಮ ಮಾಡಿದವ್ರು ನೀವಾ ಅಲ್ರೀ ಮೇಡಂ?" ಎಂದು ಕೈ ಚಾಚಿದರು ಆಕೆ.

ಕೊಟ್ಟೆ. ಬದಲಿಗೆ ನನಗೆ ಬಂದದ್ದು ಮನೆ ವಾಸ್ತುವಿನ ಪುಸ್ತಕ. ಅದನ್ನು ಓದಿ ನಮ್ಮ ಅಡುಗೆಮನೆ ಇರಬಾರದ ಮೂಲೆಯಲ್ಲಿದೆ ಎಂದು ತಿಳಿದುಕೊಂಡು ನಿದ್ದೆ ಕೆಡಿಸಿಕೊಂಡೆ. ಗಿರಿಜಮ್ಮ ಆಮೇಲೆ ಬದಲಿಸುವ ದಿನಕ್ಕೂ ಬರಲಿಲ್ಲ. ಗಿರಣಿಯಲ್ಲಿ ಕೆಲಸ, ಮನೆಯಲ್ಲಿ ನೆಂಟರು. ಫೋನ್ ಮಾಡಿದರೆ, "ಓದಾಕತ್ತೀನ್ರಿ, ಅರ್ಜೆಂಟ್ ಮಾಡಬ್ಯಾಡ್ರಿ." ನನ್ನ ಕರು ಅಲ್ಲಿ ಪಂಜುಗಳ ಮುಂದೆ ಓಡುತ್ತಿದೆ, ಈಕೆಗೆ ಅರ್ಜೆಂಟಿಲ್ಲ!

ಹೀಗಿರುವಾಗ ಹೋದ ವಾರ ಕುರುಗೋಡಿನಿಂದ ವೀರಭದ್ರಪ್ಪನವರು ಫೋನ್ ಮಾಡಿದರು. "ಮೇಡಂ, ಆ ಗುಡ್ಡ ನಮ್ಮ ಕುರುಗೋಡು ಗುಡ್ಡಾನಾ ರೀ. ಬಂಡಿಗಲ್ಲಿನ ವರ್ಣನಾ ಓದಿದ ಕೂಡ್ಲೇ ಹೊಳೀತು. ಅಂಚಿನಾಗ ಪೆನ್ಸಿಲ್‌ಲೆ ಬರದೂ ಇಟ್ಟೀನಿ."

ಪೆನ್ಸಿಲ್! ನನ್ನ ಪುಸ್ತಕದ ಮೇಲೆ! ಆಮೇಲೆ ಇನ್ನೊಂದು ಹೊಳೆಯಿತು. ಪುಸ್ತಕ ಇರುವುದು ಗಿರಿಜಮ್ಮನ ಹತ್ತಿರ, ಇವರು ಓದಿದ್ದು ಹೇಗೆ?

"ನನ್ನ ಪಾಲು ನನಗ ಬಂದೈತಲ್ರೀ" ಎಂದರು ವೀರಭದ್ರಪ್ಪನವರು. "ಆದ್ರ ಅರ್ಧ ಮಾತಿಗೇ ಮುಗದೈತಿ. 'ಹುಡುಗಿ ಕೈ ಎತ್ತಿ' ಅಂತೈತಿ, ಮುಂದಿಲ್ಲ. ಎತ್ತಿ ಏನು ಮಾಡಿದ್ಲ್ರೀ?"

ಭಾನುವಾರ ಬೆಳಗಿನ ಸಿರುಗುಪ್ಪ ಬಸ್ಸು ಹತ್ತಿದೆ. ಗಿರಿಜಮ್ಮ ಮಜ್ಜಿಗೆ ಕೊಟ್ಟು, ಫ್ಯಾನು ಹಾಕಿ, ನಗುನಗುತ್ತ ತಮ್ಮ ಪಾಲನ್ನು ತೋರಿಸಿದರು. ನನ್ನ ಕಾದಂಬರಿಯನ್ನು ಮೂರು ಹೋಳು ಮಾಡಿಸಿದ್ದರು! ಹರಿದಿದ್ದರೆ ಬೈಯಬಹುದಿತ್ತು. ಬೈಂಡರ್ ಹತ್ತಿರ ಕೊಟ್ಟು, ಒಂದೊಂದಕ್ಕೂ ರಟ್ಟು ಹಾಕಿಸಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ, ಅಷ್ಟು ಚೆಂದ ಮಾಡಿಸಿದ್ದರು.

"ವೀರಭದ್ರಪ್ಪನವ್ರು ದಿನಾ ಕೇಳಾಕತ್ತಿದ್ರು. ಕರೂರಿನಾಗ ನನ್ ತಂಗಿ ಶಾರದಾನೂ ಜೀವ ತಿಂದ್ಲು. ಪಾಲು ಮಾಡಿದ್ನಿ. ಗಿರಣಿ ತಕ್ಕಡ್ಯಾಗ ತೂಗಿ ಮಾಡ್ಸೀನ್ರಿ, ಒಂದು ಗುಂಜಿನೂ ಹೆಚ್ಚು ಕಡಿಮಿ ಇಲ್ಲ."

ಇದು ನೋಡಿ ಅಕ್ಕಿ ಗಿರಣಿಯವರ ನ್ಯಾಯ. ಅಧ್ಯಾಯ ಎಲ್ಲಿ ಮುಗಿಯುತ್ತದೆ, ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದು ತಕ್ಕಡಿಗೆ ಗೊತ್ತೇ? ತೂಕ ಸರಿಬಂದಲ್ಲಿ ಕತ್ತಿ ಬಿದ್ದಿದೆ. ಪುಸ್ತಕವನ್ನು ಯಾರಾದರೂ ಕಡಿಯುತ್ತಾರೇನ್ರೀ ಎಂದು ಕೂಗಾಡಿದೆ. ಅವರಿಗೆ ಒಂದಿಷ್ಟೂ ನಾಟಲಿಲ್ಲ. "ಅದರಾಗಿನ ಮಂದಿನಾ ಜಿಂಕಿ ಹೊಡದ್ರ ಎಲ್ಲಾರಿಗೂ ಪಾಲು ಹಾಕ್ತಾರಲ್ರೀ" ಎಂದು, ಮೊಟ್ಟೆ ಎಂದರೆ ಮೂಗು ಮುಚ್ಚಿಕೊಳ್ಳುವ ಈ ಹೆಣ್ಣುಮಗಳು, ತೊಡೆ ಯಾರಿಗೆ, ಪಕ್ಕೆ ಯಾರಿಗೆ ಎಂದು ನನಗೆ ವಿವರಿಸಿದರು. ಕೊನೆಯ ಪಾಲು ತಂಗಿಯ ಹತ್ತಿರ ಇತ್ತು. ಮೊದಲಿನ ಕಥೆಯನ್ನೆಲ್ಲ ಅಕ್ಕ ಫೋನಿನಲ್ಲಿ ಹೇಳಿದ್ದರಂತೆ, ಹಾಗಾಗಿ ತೊಂದರೆಯೇನೂ ಇಲ್ಲವಂತೆ. ನನಗೆ ಬೇಕಾದ ಕರು ಇದ್ದದ್ದು ಆ ಪಾಲಿನಲ್ಲಿ.

ಅಲ್ಲೇ ಹತ್ತಿರದ ಹಳ್ಳಿ ಕರೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ನನಗೆ ಆದಿಮಾನವನ ಮೇಲೆ ಬಹಳ ಗೌರವ ಬಂತು. ನಮ್ಮ ಬಳ್ಳಾರಿಯ ಸುತ್ತ ಗುಡ್ಡಗಳಲ್ಲಿ ಅವನು ಬಂಡೆಯ ಮೇಲೆ ಗೂಳಿಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾನೆ. ಉದ್ದ ಕೊಂಬು, ಬೆನ್ನ ಮೇಲೆ ಎತ್ತರದ ಹಿಣಿಲು, ಇಂದಿಗೂ ಅಚ್ಚಳಿಯದೆ ಇವೆ. ಇವನು ಚರ್ಮದ ಮೇಲೋ ತೊಗಟೆಯ ಮೇಲೋ ಬರೆಯದೆ ಬಂಡೆಯನ್ನೇ ಯಾಕೆ ಹಿಡಿದ ಎಂದು ವಿದ್ವಾಂಸರು ಏನೇನೋ ಹೇಳುತ್ತಾರೆ. ನನಗೆ ಕಾರಣ ಗೊತ್ತು. ಬಂಡೆಯನ್ನು ಯಾವ ಗಿರಿಜಮ್ಮನೂ 'ನೋಡಿ ಕೊಡ್ತೀನ್ರಿ' ಎಂದು ಒಯ್ಯಲಾರಳು. ತಕ್ಕಡಿಗೆ ಹಾಕುವುದಂತೂ ದೂರದ ಮಾತು.

ಕರೂರಿನಲ್ಲಿ ಶಾರದಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ತುಂಬ ಹೆಂಗಸರು ಕೂತಿದ್ದರು. ಭತ್ತದ ನಾಟಿ ಮುಗಿಸಿ ಬಂದವರು, ಮೊಣಕಾಲಿನವರೆಗೆ ಕೆಸರು ಇನ್ನೂ ಒಣಗಿರಲಿಲ್ಲ. ನಡುವೆ ಶಾರದಮ್ಮ ಕನ್ನಡಕ ಹಾಕಿಕೊಂಡು ನನ್ನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಯಾರೆಂದು ಹೇಳಿ, ಪುಸ್ತಕ ನನ್ನದು, ಒಯ್ಯಲು ಬಂದಿದ್ದೇನೆ ಎಂದೆ. ದಾರಿಯುದ್ದಕ್ಕೂ ಕೂಡಿಸಿಕೊಂಡ ಸಿಟ್ಟೆಲ್ಲ ಆ ಮಾತಿನಲ್ಲಿತ್ತು. ಶಾರದಮ್ಮ ಪೆಚ್ಚಾಗಿ ಪುಸ್ತಕ ಮುಚ್ಚಿದರು.

ಆಮೇಲೆ ಹುಲುಗಮ್ಮ ಎಂಬ ಹಿರಿಯಳು ಬಾಯಿಯ ಎಲೆಯಡಿಕೆ ಪಕ್ಕಕ್ಕೆ ಸರಿಸಿ ಹೇಳಿದಳು, "ಒಯ್ರೆವ್ವಾ, ನಿಮ್ಮದು ನೀವು ಒಯ್ರಿ. ಆದ್ರ ಕರ ಉಳೀತೋ ಇಲ್ಲೋ, ಅದೊಂದು ಹೇಳಿ ಒಯ್ರಿ."

"ನನಗೂ ಗೊತ್ತಿಲ್ಲ" ಎಂದೆ.

"ಅಯ್ಯೋ ದೇವುಡಾ! ಪುಸ್ತಕ ನಿಮ್ಮದಾ, ನಿಮಗಾ ಗೊತ್ತಿಲ್ಲೇನು?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ನನಗೆ ಅವಮಾನವಾಯಿತು ಎಂದು ಬರೆಯಬೇಕು, ಆದರೆ ನಿಜ ಹೇಳುತ್ತೇನೆ, ನನಗೂ ನಗು ಬಂತು. ಯಾರೋ ಜರುಗಿ ಜಾಗ ಕೊಟ್ಟರು. "ಮಾಸ್ತರಮ್ಮ ಅಂತೀರಿ, ನೀವಾ ಓದ್ರಿ ನೋಡಾಣ" ಎಂದರು. ಓದಿದೆ. ಓದಲು ಬಿಟ್ಟರಲ್ಲವೇ? ಸಾಲಿಗೊಂದು ಅಡ್ಡಮಾತು. ಹುಡುಗಿ ಕರುವನ್ನು ಎಳೆದಳು ಎಂದರೆ, "ಎಳೀಬಾರ್ದು, ಹಿಂದಿಂದ ನೂಕಬೇಕು" ಎಂದು ಒಬ್ಬಳು. ಹಿರಿಯ ಪಂಜು ಎತ್ತಿದ ಎಂದರೆ, "ಅವನ ಬಾಯಾಗ ಮಣ್ಣು ಹಾಕ" ಎಂದು ಇನ್ನೊಬ್ಬಳು. ನನ್ನ ತರಗತಿಯಲ್ಲಿ ಹೀಗೆ ಮಾತಾಡಿದ್ದರೆ ಹೊರಗೆ ಕಳಿಸುತ್ತಿದ್ದೆ. ಹುಡುಗಿ ಹೊಳೆಗೆ ಇಳಿದಳು. ಕರು ಒಲ್ಲೆ ಒಲ್ಲೆ ಎನ್ನುತ್ತ ಇಳಿಯಿತು. ನೀರು ಕುತ್ತಿಗೆಗೆ ಬಂತು. ಕಟ್ಟೆಯ ಮೇಲಿನವರೆಲ್ಲ ಪುಸ್ತಕದತ್ತ ಬಾಗಿದರು. ಬಸ್ಸಿನ ಹಾರ್ನ್ ಕೇಳಿಸಿತು.

ಸಿರುಗುಪ್ಪಕ್ಕೆ ಅದೇ ಕೊನೆಯ ಬಸ್ಸು. ಎದ್ದೆ. ಪುಸ್ತಕ ಚೀಲಕ್ಕೆ ಹಾಕಿಕೊಂಡೆ. ಹುಲುಗಮ್ಮ ನನ್ನ ಮೊಣಕೈ ಹಿಡಿದುಕೊಂಡಳು. "ಬರೋ ಐತಾರ ಬಂದು ಉಳದದ್ದು ಓದ್ರಿ. ನಮ್ಮನ್ನ ಬಿಟ್ಟು ಮುಂದ ಓದಬಾರ್ದು ಮತ್ತ. ಶಾರದಮ್ಮಗೂ ನಾವು ಒಬ್ಬಾಕೀಗೇ ಓದಾಕ ಬಿಟ್ಟಿಲ್ಲ." ಕಂಡಕ್ಟರು ಕೂಗುತ್ತಿದ್ದ. ಆಯ್ತು ಎಂದುಬಿಟ್ಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಓದುವಷ್ಟು ಬೆಳಕೂ ಇತ್ತು. ಪುಸ್ತಕ ತೆಗೆದೆ. ನನ್ನ ದುಡ್ಡಿನಿಂದ ನಾನೇ ಕೊಂಡದ್ದು, ಓದಿದರೆ ಯಾರಪ್ಪನ ಗಂಟು ಹೋಗುತ್ತದೆ? ಆದರೆ ಬರುವ ಭಾನುವಾರ ಆ ಸಾಲು ಓದುವಾಗ ನನ್ನ ದನಿ ಕೇಳಿಯೇ ಹುಲುಗಮ್ಮನಿಗೆ ಗೊತ್ತಾಗಿಬಿಡುತ್ತದೆ, ಕರುವಿಗೆ ಏನಾಯಿತೆಂದು ನನಗೆ ಆಗಲೇ ತಿಳಿದಿದೆ ಎಂದು. ಮುಚ್ಚಿ ಚೀಲದಲ್ಲಿಟ್ಟೆ. ಈಗ ಅದು ನನ್ನ ಮೇಜಿನ ಮೇಲಿದೆ, ಕೈಗೆ ಎಟುಕುವಷ್ಟು ದೂರದಲ್ಲಿ. ಕರು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದೆ. ಇವತ್ತು ಇನ್ನೂ ಬುಧವಾರ.