ನಮ್ಮ ಪಿ.ಟಿ. ಸರ್ ಮತ್ತು ಆಚೆ ಕಡೆಯ ಗೋಲ್‌ಕೀಪರ್

ಬೇಲಾಪುರದ ಸ್ಕೇಟಿಂಗ್ ಕ್ಲಾಸಿನಲ್ಲಿ ಮಗಳು ಬ್ರೇಕ್ ಹಾಕಿದಾಗ ಆ ವಾಸನೆ ಬಂತು. ಸಿಮೆಂಟಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಹಿಮ್ಮಡಿಯಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಇಷ್ಟು ವರ್ಷ ಆದರೂ ಆ ಮನುಷ್ಯನ ಮೇಲಿನ ಸಿಟ್ಟು ಹೋಗಿಲ್ಲ ಎಂದು ಗೊತ್ತಾಗಿ ಒಂಥರಾ ಸಮಾಧಾನವೂ ಆಯಿತು...

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಕನ್ನಡ ಶಾಲೆ. ಆ ಮನುಷ್ಯ ಅಲ್ಲಿ ಪಿ.ಟಿ. ಸರ್. ವಿಜಯಪುರದ ಕಡೆಯವರು, ಕಡ್ಡಿಯಂಥ ಮೈ, ಗುಡುಗಿನಂಥ ಗಂಟಲು. ಕೊರಳಲ್ಲಿ ಸೀಟಿ. ಆ ಸೀಟಿ ಊದುವುದಕ್ಕಿಂತ ಹೆಚ್ಚಾಗಿ ಅದರ ದಾರ ನಮ್ಮ ಮೀನಖಂಡಕ್ಕೆ ಬಾರಿಸುವುದಕ್ಕೆ ಬಳಕೆಯಾಗುತ್ತಿತ್ತು. ಅವರು ನಮಗೆ ಕಲಿಸಿದ್ದು ಸ್ಕೇಟಿಂಗ್ ಹಾಕಿ. ಟಿ.ವಿ.ಯಲ್ಲಿ ಹಿಮದ ದೇಶದವರು ಮಂಜುಗಡ್ಡೆಯ ಮೇಲೆ ಆಡುತ್ತಾರಲ್ಲ, ಅದರ ಬಡ ದಾಯಾದಿ ಇದು. ಕಾಲಿಗೆ ಚಕ್ರ ಕಟ್ಟಿಕೊಂಡು ಸಿಮೆಂಟ್ ನೆಲದ ಮೇಲೆ ಗಟ್ಟಿ ರಬ್ಬರಿನ ಚೆಂಡನ್ನು ಅಟ್ಟುವುದು, ಅಡ್ಡ ಬಂದವರ ಕಾಲನ್ನೂ ಅಟ್ಟುವುದು.

ಉಡುಪಿ ಕಡೆಯ ಹೋಟೆಲಿನವರೇ ತುಂಬಿದ್ದ ನಮ್ಮ ಶಾಲೆಯ ಕಮಿಟಿಗೆ ಈ ಆಟ ಸೇರುತ್ತಿರಲಿಲ್ಲ, ಈ ಮನುಷ್ಯ ಅಂತೂ ಮೊದಲೇ ಸೇರುತ್ತಿರಲಿಲ್ಲ. ಕಾರ್ಯದರ್ಶಿಗಳು ನಮ್ಮೆದುರಿಗೇ, "ಎಂತ ಮಾರಾಯ್ರೆ, ನಮ್ಮ ಮಕ್ಕಳಿಗೆ ಕಬಡ್ಡಿ ಸಾಕಾಗುದಿಲ್ವಾ? ಈ ಚಕ್ರದ ಆಟ ಎಲ್ಲ ಯಾಕೆ?" ಎಂದು ಮೂಗು ಮುರಿಯುತ್ತಿದ್ದರು. ಸರ್ ಎಷ್ಟೋ ವರ್ಷದಿಂದ ಟೆಂಪರರಿ. ನಾವು ಹತ್ತನೇ ಕ್ಲಾಸಿಗೆ ಬಂದ ವರ್ಷ ಕಮಿಟಿ ಒಂದು ಮಾತು ಹೇಳಿತು: ಈ ಸಲ ಅಂತರಶಾಲಾ ಕಪ್ ತಂದರೆ ಖಾಯಂ ಮಾಡುವ, ತಾರದಿದ್ದರೆ ಸ್ಕೇಟಿಂಗೂ ಬೇಡ, ಸರ್ ಕೂಡ ಬೇರೆ ಕಡೆ ನೋಡಿಕೊಳ್ಳಲಿ. ಹೇಳಿದ್ದು ಸ್ಟಾಫ್ ರೂಮಿನಲ್ಲಿ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗಿತ್ತು.

ಕಪ್ಪಿಗೆ ಅಡ್ಡ ಇದ್ದದ್ದು ಸ್ಟೇಷನ್ನಿನ ಆಚೆ ಕಡೆಯ ಇಂಗ್ಲಿಷ್ ಶಾಲೆ. ರೈಲು ಹಳಿಯ ಈಚೆಗೆ ನಾವು, ಆಚೆಗೆ ಅವರು, ನಡುವಿನ ಬ್ರಿಜ್ಜಿನ ಮೇಲೆ ಎದುರಾದರೆ ಭುಜಕ್ಕೆ ಭುಜ ಗುದ್ದದೆ ದಾಟಿದವರಿಲ್ಲ. ನಮ್ಮನ್ನು ಕಂಡರೆ ಅವರದು ಒಂದೇ ಕೂಗು, "ಏ ಅಣ್ಣಾ, ಏಕ್ ಪ್ಲೇಟ್ ಇಡ್ಲಿ!" ನನ್ನ ಅಪ್ಪ ನಿಜಕ್ಕೂ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಹಾಗಾಗಿ ಆ ಕೂಗು ನನಗೆ ಉಳಿದವರಿಗಿಂತ ಜಾಸ್ತಿ ಚುಚ್ಚುತ್ತಿತ್ತು.

ಸರ್ ಅವರ ದೊಡ್ಡ ಹುಚ್ಚು ಎಂದರೆ ಕನ್ನಡ. ಶಾಲೆಯ ಅಂಗಳದಲ್ಲಿ ಹಿಂದಿಯಲ್ಲಿ ಉತ್ತರ ಕೊಟ್ಟವನಿಗೆ ಗ್ರೌಂಡಿನ ಸುತ್ತ ಓಟ, ಮರಾಠಿಯಲ್ಲಿ ಕೊಟ್ಟರೂ ಅದೇ ಓಟ. ಆಟದಲ್ಲಿ ಎಲ್ಲ ಸೂಚನೆಯೂ ಕನ್ನಡದಲ್ಲೇ, ಅದೂ ಅವರ ಊರಿನ ಕನ್ನಡದಲ್ಲಿ. "ನಮ್ಮ ಮಾತ ನಮಗ ಗ್ವಾಡಿ ಇದ್ದಂಗ್ ಐತಿ. ನಾ ಇಲ್ಲಿಂದ ಏನ್ ಒದರಿದರೂ ಆಚಿ ಮಂದಿಗೆ ಏನೂ ತಿಳಿಯಂಗಿಲ್ಲ," ಎನ್ನುತ್ತಿದ್ದರು. ಮೊದಮೊದಲು ನಮಗೂ ತಿಳಿಯುತ್ತಿರಲಿಲ್ಲ! ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ ಆಡುತ್ತಿದ್ದ ನಾವು ಅವರ 'ಒದರು' ಎಂದರೆ ಕೂಗು, 'ಹೊಳ್ಳು' ಎಂದರೆ ತಿರುಗು ಎಂಬುದನ್ನೆಲ್ಲ ಕಲಿತದ್ದು ಸೀಟಿಯ ದಾರದ ಏಟಿನಿಂದಲೇ.

ಇಷ್ಟೆಲ್ಲ ಕನ್ನಡಾಭಿಮಾನದ ಈ ಪುಣ್ಯಾತ್ಮರ ಒಬ್ಬನೇ ಮಗ ಓದುತ್ತಿದ್ದದ್ದು ಆಚೆ ಕಡೆಯ ಇಂಗ್ಲಿಷ್ ಶಾಲೆಯಲ್ಲಿ. ಊರಿಗೆಲ್ಲ ಉಪದೇಶ, ತನ್ನ ಮನೆಗೆ ಮಾತ್ರ ರಜೆ. ಯಾರೋ ಟೀಚರ್ ಕೇಳಿದ್ದಕ್ಕೆ, "ನನ್ನಂಗ ಟೆಂಪರರಿ ಆಗೂದು ಬ್ಯಾಡ್ರಿ ಅಂವ," ಎಂದಿದ್ದರಂತೆ. ನನ್ನದೇ ವಯಸ್ಸಿನ ಆ ಹುಡುಗ ಮನೆಯ ಬೀಗದ ಕೈಗಾಗಿ ಎಷ್ಟೋ ಸಂಜೆ ನಮ್ಮ ಗೇಟಿಗೆ ಬರುತ್ತಿದ್ದ. "ಉಂಡ್ಯಾ?" ಎಂದು ಇವರು ಕೇಳಿದರೆ "ಹಾಂ ಪಾಪಾ" ಎನ್ನುತ್ತಿದ್ದ. ಕನ್ನಡದಲ್ಲಿ ಏನೇ ಕೇಳಿದರೂ ಹಿಂದಿಯಲ್ಲೇ ಉತ್ತರ. ಅವನಿಗೆ ಮಾತ್ರ ಓಟದ ಶಿಕ್ಷೆ ಇರಲಿಲ್ಲ. ಅವನು ಹೋದ ಮೇಲೆ ಸರ್ ನಮ್ಮ ಕಡೆ ತಿರುಗಿ, "ಅವಗ ಉಣ್ಣೂದು ತಿನ್ನೂದು ಬಿಟ್ರ ಕನ್ನಡ ತಿಳಿಯಂಗಿಲ್ಲ. ಮುಂಬೈ ನುಂಗಿಬಿಡ್ತು," ಎನ್ನುತ್ತಿದ್ದರು. ನಮಗೆ ನಗು ಬರುತ್ತಿತ್ತು.

ಮಗನಿಗೂ ಸ್ಕೇಟಿಂಗ್ ಕಲಿಸಿದ್ದು ಅವರೇ. ಫೈನಲ್ ಪಂದ್ಯದ ಹಿಂದಿನ ಮಳೆಗಾಲ ಇವರು ಒದ್ದೆ ಸಿಮೆಂಟಿನ ಮೇಲೆ ಆಡಿಸಲು ಹೋಗಿ ಹುಡುಗ ಬಿದ್ದು ಎಡ ಮೊಣಕಾಲು ಮುರಿದುಕೊಂಡಿದ್ದ. ಪ್ಲಾಸ್ಟರ್ ಹಾಕಿದ ಕಾಲನ್ನು ಎಳೆಯುತ್ತ ಗೇಟಿಗೆ ಬಂದಾಗಲೂ ಇವರದು, "ಗಂಡಸ ಮಗ ಅದಿ, ನೆಟ್ಟಗ ನಡಿ." ಪ್ಲಾಸ್ಟರ್ ಬಿಚ್ಚಿದ ಮೇಲೂ ಅವನು ಬಹಳ ದಿನ ಕುಂಟುತ್ತಿದ್ದ. ಫೈನಲ್ಲಿನಲ್ಲಿ ಅವನೇ ಆಚೆ ಕಡೆಯವರ ಗೋಲ್‌ಕೀಪರ್.

ಪಂದ್ಯ ಹಳಿಯ ಈಚೆ ಕಡೆಯ ಮೈದಾನದಲ್ಲಿ. ಎರಡೂ ಕಡೆಯವರು ಸಿಮೆಂಟ್ ಕಟ್ಟೆಯ ಮೇಲೆ ಒತ್ತಿಕೊಂಡು ನಿಂತಿದ್ದರು, ಪೂರ್ವದವರು ಪಶ್ಚಿಮದವರಿಗೆ ಬೈಯುತ್ತ, ಪಶ್ಚಿಮದವರು ಇಡ್ಲಿ ಕೇಳುತ್ತ. ಶುರುವಾದ ಸ್ವಲ್ಪ ಹೊತ್ತಿಗೇ ಅವರ ಕ್ಯಾಪ್ಟನ್ ನಮ್ಮವನೊಬ್ಬನ ಪಕ್ಕೆಲುಬಿಗೆ ಸ್ಟಿಕ್ಕಿನ ಹಿಡಿಯಿಂದ ತಿವಿದ. ನಾನು ಆ ಕ್ಯಾಪ್ಟನ್ನನ ಕಣಕಾಲಿಗೆ ಕೊಟ್ಟೆ. ಅಂಪೈರ್ ಇಬ್ಬರಿಗೂ ಎಚ್ಚರಿಕೆ ಕೊಟ್ಟರು. ಆ ಏಟು ಕೊಟ್ಟದ್ದಕ್ಕೆ ನನಗೆ ಈಗಲೂ ಖುಷಿಯೇ ಇದೆ.

ಆದರೆ ಆಟದಲ್ಲಿ ಏನೋ ಸರಿಯಿರಲಿಲ್ಲ. ಗೆರೆಯಾಚೆಯಿಂದ ಸರ್, "ಬಲಕ್ಕ ಹೊಳ್ಳಸು!" ಎಂದು ಒದರಿದರೆ ಆ ಗೋಲ್‌ಕೀಪರ್ ಮೊದಲೇ ಆ ಕಡೆಗೆ ಸರಿದಿರುತ್ತಿದ್ದ. "ದೂರಿಂದ ಹೊಡಿ!" ಎಂದರೆ ಅವನು ಮುಂದೆ ಬಂದು ನಿಂತಿರುತ್ತಿದ್ದ. ಒಮ್ಮೆ ನಮ್ಮ ಹುಡುಗನೊಬ್ಬ ಸರ್ ಮಾತು ಕೇಳಿಸದೆ ತನ್ನ ಪಾಡಿಗೆ ಹೊಡೆದ. ಅದೊಂದೇ ಗೋಲ್ ಆಯಿತು! ಅವರೂ ಒಂದು ಹೊಡೆದು ಸಮ ಮಾಡಿದರು. "ಆ ಗೋಲಿಗೆ ಭೂತ ಮೆಟ್ಟಿಕೊಂಡಿದೆ," ಎಂದ ನಮ್ಮ ಕ್ಯಾಪ್ಟನ್. ಯಾರಿಗೂ ಬೇರೆ ಏನೂ ಹೊಳೆಯಲಿಲ್ಲ.

ಆಟ ಮುಗಿಯಲು ಬಂದಿತ್ತು. ಚೆಂಡು ನನ್ನ ಸ್ಟಿಕ್ಕಿಗೆ ಸಿಕ್ಕಿತು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನಮ್ಮ ಗೋಲ್‌ಕೀಪರ್ ಕೂಡ ಗೆದ್ದೆವೆಂಬ ಹುರುಪಿನಲ್ಲಿ ಅರ್ಧ ಅಂಗಳ ಮುಂದೆ ಬಂದಿದ್ದ. ಕಟ್ಟೆಯ ಮೇಲೆ ಕಾರ್ಯದರ್ಶಿಗಳು ಎದ್ದು ನಿಂತಿದ್ದರು. ಆಗ ಸರ್ ಕೂಗಿದರು, ಜೀವಮಾನದ ಗಂಟಲೆಲ್ಲ ಸೇರಿಸಿ.

"ಅವನ ಎಡಗಾಲಿಗೆ ಹೊಡಿಯೋ! ಕೆಳಗ, ನೆಲಾ ಹತ್ತಿ! ಎಡ ಮಣಕಾಲ ಮುರದೈತಿ, ಅವಗ ಬಗ್ಗಾಕ ಬರಂಗಿಲ್ಲ!"

ನಾನು ಹೊಡೆದೆ. ಹೇಳಿದವರು ಅವರು, ಹೊಡೆದವನು ನಾನು, ನನಗೆ ಅದರ ಬಗ್ಗೆ ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಆದರೆ ಸ್ಟಿಕ್ ಎತ್ತುವ ಮೊದಲು ಹೆಲ್ಮೆಟ್ಟಿನ ಜಾಲರಿಯೊಳಗೆ ಆ ಹುಡುಗನ ಮುಖ ನೋಡಿದ್ದೆ. ಅವನು ನನ್ನನ್ನೂ ನೋಡುತ್ತಿರಲಿಲ್ಲ, ಚೆಂಡನ್ನೂ ನೋಡುತ್ತಿರಲಿಲ್ಲ. ಗೆರೆಯಾಚೆ ನಿಂತ ಅಪ್ಪನನ್ನು ನೋಡುತ್ತಿದ್ದ. ನಾನು ಹೊಡೆಯುವಷ್ಟರಲ್ಲಿ ಅವನ ಎಡ ಮೊಣಕಾಲು ಮಡಚಿ ನೆಲಕ್ಕೆ ಊರಿಯಾಗಿತ್ತು. ಚೆಂಡು ಅದಕ್ಕೇ ಬಡಿದು ಹೊರಗೆ ಚಿಮ್ಮಿತು. ಅವರ ಕ್ಯಾಪ್ಟನ್ ಅದನ್ನು ಎಳೆದುಕೊಂಡು ಹೋಗಿ ನಮ್ಮ ಖಾಲಿ ಗೋಲಿಗೆ ಮೆಲ್ಲಗೆ ದೂಡಿದ. ಅಂಪೈರ್ ಆಟ ಮುಗಿದ ಸೀಟಿ ಊದಿದರು.

ಆಮೇಲಿನದು ಬರೀ ಗದ್ದಲ. ನೀರಿನ ಬಾಟಲಿಗಳು ಹಾರಿದವು, ಸ್ಟಿಕ್ಕುಗಳು ಆಡಿದವು, ಯಾರದೋ ಹಲ್ಲಿನಿಂದ ರಕ್ತ ಬಂತು. ಆ ಗದ್ದಲದ ನಡುವೆಯೇ ಹುಡುಗ ಹೆಲ್ಮೆಟ್ ತೆಗೆದು ನಿಧಾನಕ್ಕೆ ಅಪ್ಪನ ಹತ್ತಿರ ಬಂದ. ನಾನು ಕೈಯಳತೆಯಲ್ಲೇ ಇದ್ದೆ.

"ಮಣಕಾಲ ಆರಾಮ ಆಗೇತಿ, ಅಪ್ಪಾ," ಎಂದ. "ಯಾವಾಗೋ ಆಗೇತಿ. ನೀ ಕೇಳೇ ಇಲ್ಲ."

ಪಕ್ಕಾ ವಿಜಯಪುರದ ಕನ್ನಡ. ನಾವು ಏಟು ತಿಂದು ಕಲಿತ ಕನ್ನಡಕ್ಕಿಂತ ಎಷ್ಟೋ ಶುದ್ಧ. ಹುಡುಗ ಹಿಂತಿರುಗಿ ತನ್ನವರ ಕಡೆಗೆ ಜಾರಿಕೊಂಡು ಹೋದ.

ಕಮಿಟಿಯವರು ನುಡಿದಂತೆ ನಡೆದರು. ಸ್ಕೇಟುಗಳೆಲ್ಲ ಗೋಣಿಚೀಲ ಸೇರಿದವು, ಮುಂದಿನ ಜೂನಿನಲ್ಲಿ ಶಾಲೆಗೆ ಕಬಡ್ಡಿಯ ಮಾಸ್ತರರು ಬಂದರು. ನಮ್ಮ ಸರ್ ಠಾಣೆಯ ಯಾವುದೋ ಸೊಸೈಟಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದರಂತೆ. ನಾವು ಬೀಳ್ಕೊಡುಗೆ ಮಾಡಲಿಲ್ಲ. ನನಗಂತೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಮೀನಖಂಡದ ಬಾಸುಂಡೆಗಳಿಗೆ ಇದೇ ತಕ್ಕ ಶಾಸ್ತಿ ಎಂದುಕೊಂಡಿದ್ದೆ...

ಸ್ಕೇಟಿಂಗ್ ಕ್ಲಾಸಿನಿಂದ ಬಂದ ದಿನವೇ ಶಾಲೆಯ ಹಳೆಯ ಗೆಳೆಯನಿಗೆ ಫೋನ್ ಮಾಡಿ ಸರ್ ಎಲ್ಲಿದ್ದಾರೆಂದು ಕೇಳಿದೆ. ಒಮ್ಮೆ ಮುಖಾಮುಖಿ ನಾಲ್ಕು ಮಾತು ಆಡಿ ಬರಬೇಕೆಂಬ ಹಟ ಹುಟ್ಟಿತ್ತು. "ನಿನಗೆ ಗೊತ್ತಿಲ್ವಾ? ತೀರಿಹೋಗಿ ತಿಂಗಳಾಯ್ತು ಮಾರಾಯ," ಎಂದ ಅವನು.

ಹೋಗದಿದ್ದರೂ ನಡೆಯುತ್ತಿತ್ತು, ಆದರೂ ಹೋದೆ. ಠಾಣೆಯ ಪಕ್ಕದ ಕಳ್ವಾದಲ್ಲಿ ಮನೆ. ಸರ್ ಅವರ ಹೆಂಡತಿ ನನ್ನ ಗುರುತು ಕೇಳಿ ಕಣ್ಣೊರೆಸಿಕೊಂಡರು. "ಆ ಮ್ಯಾಚಿನ ದಿನ ಬಿಟ್ರ ಮಗ ಅವರ ಕೂಡ ಕನ್ನಡ ಆಡೇ ಇಲ್ಲ ನೋಡ್ರಿ. ದಿನಾ ಕೇಳತಿದ್ರು, ಒಂದ ಮಾತ ಆಡೋ ತಮ್ಮಾ ಅಂತ. ದವಾಖಾನ್ಯಾಗೂ ಕೇಳಿದ್ರು. ಇಂವ 'ಹಾಂ ಪಾಪಾ, ಬೋಲೋ' ಅಂತಿದ್ದ."

ಮಗ ಬಾಲ್ಕನಿಯಲ್ಲಿದ್ದ, ತಲೆಗೂದಲು ಆಗಲೇ ಉದುರಿತ್ತು. ನನಗೆ ಇದ್ದಕ್ಕಿದ್ದಂತೆ ಅವನ ಮೇಲೆ ಕೆಂಡದಂಥ ಕೋಪ ಬಂತು. ನೇರವಾಗಿ ಹೋಗಿ, "ಸಾಯುವವರ ಹತ್ತಿರ ಒಂದು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ.

ಅವನು ಸಿಟ್ಟಾಗಲಿಲ್ಲ. ಹಿಂದಿಯಲ್ಲೇ ಹೇಳಿದ. ಪಂದ್ಯದ ದಿನ ಮನೆಗೆ ಬಂದು ಕಾಯುತ್ತ ಕೂತಿದ್ದನಂತೆ, ಅಪ್ಪ ಬಂದು ಮೊಣಕಾಲು ಮುಟ್ಟಿ ನೋಡುತ್ತಾರೆ, ಏನಾದರೂ ಕೇಳುತ್ತಾರೆ ಎಂದು. ಅಪ್ಪ ಬಂದು ಕೇಳಿದ್ದು, ನಿನಗೆ ಕನ್ನಡ ಯಾವಾಗಿಂದ ಬರುತ್ತದೆ ಎಂದು. ಮರುದಿನವೂ ಅದೇ. ಆಮೇಲೆ ಇಷ್ಟು ವರ್ಷವೂ ಕನ್ನಡ ಆಡು, ಕನ್ನಡ ಆಡು ಎಂದರೇ ಹೊರತು ಕಾಲಿನ ವಿಷಯ ಎತ್ತಲೇ ಇಲ್ಲ. "ಕೇಳಿದ್ದರೆ ಕನ್ನಡದಲ್ಲೇ ಹೇಳುತ್ತಿದ್ದೆ," ಎಂದ, ಹಿಂದಿಯಲ್ಲಿ.

ಬೈಯಲೆಂದೇ ಬಂದಿದ್ದೆ. ಯಾರಿಗೆ ಬೈಯಬೇಕು? ಕೆಳಗೆ ರೈಲು ಹೋಯಿತು. "ಮಣಕಾಲು ಈಗ ಹೇಗಿದೆ?" ಎಂದು ನಾನೇ ಕೇಳಿದೆ.

ಅವನು ಕಾಲನ್ನೊಮ್ಮೆ ನೋಡಿಕೊಂಡ. "ಠೀಕ್ ಹೈ," ಎಂದು ಹೇಳಿ ತಾಯಿಯ ಬಳಿಗೆ ಒಳಗೆ ಹೋದ.