ನನ್ನ ಬಿಟ್ಟು ಮುಗಿಸಿದ ಕಥಿ

ಪೀರಾಂಬಿ ಖಾಲಾ ಒಳ್ಳೆಯಾಕಿ ಅಂತ ತಿಕೋಟಾದಾಗ ಎಲ್ಲಾರೂ ಹೇಳತಾರ. ನಾನೂ ಹಂಗ ಹೇಳತಿದ್ದೆ.

ಆಕಿ ತೊರವಿ ಮಗಳು, ತಿಕೋಟಾದ ಸೊಸಿ. ನಾವು ಆಕಿನ್ನ ಖಾಲಾ, ಅಂದರ ಚಿಗವ್ವ, ಅಂತ ಕರೀತಿದ್ದೆವು. ಆಕಿ ಮಾವ ಹತ್ತಿ ಹಿಂಜಾಂವ. ಬಿಲ್ಲು ಹೆಗಲಿಗೆ ಹಾಕಿಕೊಂಡು ಬಬಲೇಶ್ವರ, ಜೈನಾಪುರ ಅಂತ ಊರೂರು ತಿರುಗಿ, ಮಂದಿ ಗಾದಿ ಬಿಚ್ಚಿ ಹತ್ತಿ ಹಿಂಜಿ ಕೊಡತಿದ್ದ. ಹಿಂಜುತ್ತ ಕಥಿ ಹೇಳತಿದ್ದ. ಒಂದು ಮನಿಯಾಗ ನಿಲ್ಲಿಸಿದ್ದನ್ನು ಮತ್ತೊಂದು ಮನಿಯಾಗ ಮುಂದುವರಿಸತಿದ್ದ. ಅವ ಸತ್ತಾಗ ಬಿಲ್ಲು ಮಗ, ಅಂದರ ಆಕಿ ಗಂಡ, ಬಾಬುಸಾಬಗ ಬಂತು, ಕಥಿ ಸೊಸಿಗೆ ಬಂತು. ಬಿಲ್ಲಿನಿಂದ ಇಬ್ಬರ ಹೊಟ್ಟಿ ತುಂಬಲಿಲ್ಲ. ಆಕಿ ನಮ್ಮ ಜೋಡಿ ಶೇಂಗಾ ಒಡೆಯಾಕ ಬಂದಳು.

ನಾವು ಒಡೆಯೂದು ಸಾವಕಾರನ ವಖಾರದಾಗ. ತಗಡಿನ ಮಾಡ, ನೆಲದ ಮ್ಯಾಲ ಶೇಂಗಾದ ರಾಶಿ, ಸುತ್ತ ಹೆಂಗಸರು. ಬಿತ್ತಾಕ ಬೇಕಾದ ಶೇಂಗಾ ಕೈಲೇ ಒಡೀಬೇಕು, ಮಷೀನಿಗೆ ಹಾಕಿದರ ಕಾಳು ಸೀಳತಾವ. ಕಾಳು ಅಳತಿ ಮಾಡಿ ಕೂಲಿ ಕೊಡತಾರ. ಪೀರಾಂಬಿ ಕೈಯಾಗ ಕಾಳು ಬೀಳತಿರಲಿಲ್ಲ. ಕಥಿ ಹೇಳುವಾಗ ಆಕಿ ಎರಡೂ ಕೈ ಎತ್ತಿ ಕುದರಿ ಓಡಸತಿದ್ದಳು. ಅದಕ್ಕ ನಾವು ಒಬ್ಬೊಬ್ಬರೂ ಒಂದೊಂದು ಹಿಡಿ ಕಾಳು ಆಕಿ ಕೇರೂ ಮರಕ್ಕ ಹಾಕತಿದ್ದೆವು. ಹಾಕ್ರಿ ಅಂತ ಯಾರೂ ಹೇಳಿರಲಿಲ್ಲ. ಕಥಿ ನಿಲ್ಲಬಾರದು, ಅಷ್ಟ.

ಕಥಿ ದಿಲಾವರ ಅನ್ನೂ ಕುದರಿ ವ್ಯಾಪಾರಿದು. ಅವ ಬಾದಶಹನ ಸಲುವಾಗಿ ಒಂದು ಕುದರಿ ತರಾಕ ಹೋದವ. ಕುದರಿ ಸಿಕ್ಕೈತಿ, ಮನಿ ಸಿಗವಲ್ಲದು. ಹೆಂಡತಿ ಮಹರು ಮನಿಯಾಗ ಹಾದಿ ಕಾಯತಾಳ. ಅವ ಒಂದು ಊರು ದಾಟಿದರ ಇನ್ನೊಂದು ಊರಾಗ ಸಿಕ್ಕೊಳ್ಳತಾನ. ನಾನು ಮದುವಿಯಾಗಿ ಬಂದ ವರ್ಷ ಅವ ಹಡಗಿನ್ಯಾಗ ಇದ್ದ. ಎಪ್ಪತ್ತೆರಡರ ಬರ ಬಂದು ಹೋತು, ಅವ ಇನ್ನೂ ಹಾದ್ಯಾಗ ಇದ್ದ.

ಪ್ರತಿ ಸುಗ್ಗಿಗೆ ಹೊಸ ಹೆಂಗಸರು ಬರತಿದ್ದರು. ಅವರಿಗೆ ತಲಿ ಬುಡ ತಿಳೀತಿರಲಿಲ್ಲ. ಪೀರಾಂಬಿ ಹಿಂದಿಂದು ಮತ್ತೊಮ್ಮೆ ಹೇಳತಿರಲಿಲ್ಲ. ನನ್ನ ಕಡೆ ನೋಡಿ, "ನೂರಾ, ಅಕಿನ ಒಳಗ ಕರಕೋಬೇ" ಅಂತಿದ್ದಳು. ನಾನು ಹೊಸಬಳನ್ನ ಬಾಜೂಕ ಕುಂದ್ರಿಸಿಕೊಂಡು ಸಣ್ಣ ದನಿಯಾಗ ಹೇಳತಿದ್ದೆ. ಯಾರ ಹೆಸರು ನೆನಪಿಟ್ಟುಕೋಬೇಕು, ಯಾರು ಎರಡು ದಿನದಾಗ ಸಾಯತಾರ, ಎಲ್ಲಿಂದ ಹಿಡೀಬೇಕು, ಏನು ಬಿಡಬೇಕು. ಇದು ನನ್ನ ಕೆಲಸ. ನನಗ ಬ್ಯಾರೆ ಏನೂ ಬರತಿರಲಿಲ್ಲ. ಇದು ಬರತಿತ್ತು.

ಜುಲೇಖಾನ್ನೂ ನಾನ ಒಳಗ ಕರಕೊಂಡಿದ್ದು. ಬಬಲೇಶ್ವರದಾಕಿ, ಹೊಸದಾಗಿ ತಿಕೋಟಾಕ್ಕ ಮದುವಿಯಾಗಿ ಬಂದಿದ್ದಳು. ಬಾಯಿ ಜೋರು.

"ಆಪಾ, ಇನ್ನೂ ಮನಿ ಮುಟ್ಟಿಲ್ಲೇನ್ರಿ ಅವ? ನಮ್ಮೂರ ಬಸ್ಸರ ಲಗೂ ಮುಟ್ಟತೈತಿ."

"ನಿಮ್ಮೂರ ಬಸ್ಸಿಗೆ ಯಾರೂ ಹಾದಿ ಕಾಯಂಗಿಲ್ಲ. ಸುಮ್ನ ಕೇಳು. ಹಡಗ ಮುಳಗೂದ್ರಿಂದ ಹಿಡಿ. ಬಾವಿದು ಬಿಟ್ಟಬಿಡು."

"ಬಾವ್ಯಾಗ ಏನಾತ್ರಿ?"

"ಬಿದ್ದ, ಎದ್ದು ಬಂದ. ನಿನಗ ಅಷ್ಟ ಸಾಕು."

ಬಾವಿ ಕಥಿ ಅಂದರ ಬಲು ಎಳೆದದ್ದು. ಅರ್ಧ ಸುಗ್ಗಿ ಅದರಾಗ ಹೋಗಿತ್ತು. ಹೊಸಬರು ಅಲ್ಲೇ ಬ್ಯಾಸರಾಗಿ ಬ್ಯಾರೆ ರಾಶಿಗೆ ಎದ್ದು ಹೋಗತಿದ್ದರು. ಅದಕ್ಕ ಅದನ್ನ ಬಿಡಿಸತಿದ್ದೆ. ಆದರ ಅದರಾಗ ಒಂದು ಮಾತು ಇತ್ತು. ಬಾವಿ ಒಳಗಿನ ಮುದುಕಿ ದಿಲಾವರನ್ನ ಮ್ಯಾಲ ಬಿಡೂಕಿಂತ ಮೊದಲು ಆಣಿ ಹಾಕಿಸತಾಳ. ಮನಿ ಮುಟ್ಟಿದ ದಿನ ಬಾಗಿಲ ಬಡೀಬಾರದು, ಹೆಂಡತಿನ್ನ ಹೆಸರು ಹಿಡಿದು ಕರೀಬಾರದು. ಆಕಿ ತಾನಾಗಿ ಹೊರಗ ಬಂದು ನೋಡಿದರ ಮಾತ್ರ ಅವ ಉಳೀತಾನ. ಹಳಬರಿಗೆ ಇದು ಗೊತ್ತು.

ನನ್ನ ಗಂಡ ಅಬ್ದುಲಸಮದ ಲಾರಿ ಹೊಡೀತಿದ್ದ. ವಿಜಾಪುರದಾಗ ಸೊಲ್ಲಾಪುರ ರಸ್ತೆ ಗ್ಯಾರೇಜಿನ್ಯಾಗ ಲಾರಿ ನಿಂತರ ಮನಿಗೆ ಬರತಿದ್ದ. ಬಂದ ಕೂಡಲೇ ಚಪ್ಪಲಿ ಬಿಡೂಕಿಂತ ಮೊದಲು ಕೇಳತಿದ್ದ, "ಎಲ್ಲಿಗೆ ಬಂತು ನಿನ್ನ ದಿಲಾವರನ ಸವಾರಿ?" ನಾನು ರೊಟ್ಟಿ ಬಡಿಯುತ್ತ ಹೇಳತಿದ್ದೆ. ಅವ ಕೇಳುತ್ತ ಉಣ್ಣತಿದ್ದ. ನಡುವ ನಕ್ಕು, "ಅವಗ ಲಾರಿ ಕೊಡಸಬೇಕಿತ್ತು" ಅಂತಿದ್ದ. ಒಮ್ಮೆ ಹೊಂಡೂ ಹೊತ್ತಿನ್ಯಾಗ ಹೊಸ್ತಿಲದಾಗ ನಿಂತು, "ನಾ ಬರೂತನಕ ಮುಗಸಬ್ಯಾಡ ಅಂತ ಹೇಳು ನಿಮ್ಮ ಖಾಲಾಗ" ಅಂದ. ನಾನು ಹೇಳಿದೆ. ಆಕಿ ನಕ್ಕಳು.

ಎಪ್ಪತ್ನಾಕರಾಗ ಅವನ ಲಾರಿ ಮಗಚಿ ಬಿತ್ತು. ಹೆಣ ಮನಿಗೆ ಬಂತು. ಅದರ ಬಗ್ಗೆ ನಾನು ಹೆಚ್ಚು ಹೇಳಂಗಿಲ್ಲ.

ನಮ್ಮವರಾಗ ಗಂಡ ಸತ್ತಾಕಿ ಇದ್ದತ್ ಕುಂದ್ರಬೇಕು. ನಾಕು ತಿಂಗಳು ಹತ್ತು ದಿನ. ಮನಿ ಬಿಟ್ಟು ಹೊಂಡೂದಿಲ್ಲ. ನಾನು ಕುಂತೆ. ಮೊದಲಿಗೆ ಮಂದಿ ಬರತಿದ್ದರು, ಆಮ್ಯಾಲ ಕಡಿಮಿ ಆದರು. ಪೀರಾಂಬಿ ಮೊದಲನೇ ವಾರ ಬಂದಳು. ನನ್ನ ತಲಿ ತನ್ನ ತೊಡಿ ಮ್ಯಾಲ ಇಟ್ಟುಕೊಂಡಳು. ಅಳುವಾಗ ನಾನು ಯಾಕ ಕೇಳಿದೆನೋ ಗೊತ್ತಿಲ್ಲ, ಕೇಳಿದೆ.

"ಖಾಲಾ, ದಿಲಾವರ?"

"ನೀ ಬರೂತನಕ ಅವ ಒಂದು ಹೆಜ್ಜಿ ಮುಂದ ಇಡಂಗಿಲ್ಲ. ಬ್ಯಾರೆ ಏನರ ಹೇಳಿ ದಿನಾ ನೂಕತೀನಿ. ಅಲ್ಲಾನ ಆಣಿ ನೂರಾ."

ನಾನು ನಂಬಿದೆ. ಆ ನಾಕು ತಿಂಗಳು ನನಗ ಎರಡ ವಿಚಾರ ಇದ್ದವು. ಒಂದು ಅಬ್ದುಲಸಮದ ಇಲ್ಲ ಅನ್ನೂದು. ಇನ್ನೊಂದು ದಿಲಾವರ ನಿಂತಾನ, ನನ್ನ ಸಲುವಾಗಿ ನಿಂತಾನ ಅನ್ನೂದು. ಗ್ವಾಡಿಗೆ ಬೆನ್ನು ಹಚ್ಚಿ ಕುಂತು ನಾನು ಮಹರು ಬಗ್ಗೆನ ವಿಚಾರ ಮಾಡತಿದ್ದೆ. ಬಾಗಿಲ ಬಡಿಯಂಗಿಲ್ಲ, ಕರಿಯಂಗಿಲ್ಲ. ಹಂಗಾದರ ಆಕಿಗೆ ತಿಳಿಯೂದು ಹ್ಯಾಂಗ? ಅವ ಬಂದ ದಿನ ಆಕಿ ಒಳಗ ರೊಟ್ಟಿ ಮಾಡುತ್ತಿದ್ದರ? ಇದ್ದತ್ ಮುಗಿದ ಮ್ಯಾಲ ಮೊದಲು ಇದನ್ನ ಕೇಳಬೇಕು ಅಂತ ಇಟ್ಟುಕೊಂಡಿದ್ದೆ. ಅಬ್ದುಲಸಮದಗ ಹೇಳಬೇಕಾದದ್ದು ಅದೊಂದು ಉಳಿದಿತ್ತು.

ನಡುವ ಒಂದು ದಿನ ಹನಮವ್ವ ಬೆಲ್ಲ ಪುಟಾಣಿ ತಂದು ಕೊಟ್ಟಳು. ಆಕಿ ನನ್ನ ಜೋಡಿಯಾಕಿ, ವಖಾರದಾಗ ರುಕ್ಮವ್ವನ ಜೋಡಿ ನನ್ನ ಎದುರು ಕುಂದ್ರಾಕಿ. "ಏನಬೇ ಇದು?" ಅಂದೆ. "ರುಕ್ಮವ್ವನ ಮಗಳು ಹಡದಾಳ. ಗಂಡು" ಅಂದಳು. ನಾನು ತಿಂದೆ. ಕೂಸಿಗೆ ಒಳ್ಳೇದಾಗಲಿ ಅಂದೆ. ಹನಮವ್ವ ಚಾ ಸುದ್ದಾ ಕುಡೀದ ಹೋದಳು.

ಇದ್ದತ್ ಮುಗೀತು. ಮರುದಿನ ಮುಂಜಾನೆ ವಖಾರಕ್ಕ ಹೋದೆ. ಎಲ್ಲಾರೂ ಎದ್ದು ಬಂದು ಕೈ ಹಿಡಿದರು. ರುಕ್ಮವ್ವ ಅತ್ತಳು. ಪೀರಾಂಬಿ ಇನ್ನೂ ಬಂದಿರಲಿಲ್ಲ. ನಾನು ನನ್ನ ಜಾಗಾಕ್ಕ ಹೋದರ ಅಲ್ಲಿ ಜುಲೇಖಾ ಕುಂತಿದ್ದಳು. ಆಕಿ ಸರಿದು ಜಾಗಾ ಮಾಡಿದಳು. ತನ್ನ ಬಾಜೂಕ.

"ಬರ್ರಿ ಆಪಾ, ಕುಂದರ್ರಿ. ನಾ ಹೇಳತೀನಿ. ಮೊದಲಿಂದ ಬ್ಯಾಡ, ನಿಮಗ ಬ್ಯಾಸರಾಗತೈತಿ. ಇವ ಚಪ್ಪಲಿ ಹೊಲಿಯೂ ಸಮಗಾರನ ಮಗಾ. ಅತ್ತಿ ಹೆಸರು ನೆನಪಿಡ್ರಿ, ಉಳದವರ್ನ ಮರತರೂ ನಡೀತೈತಿ."

"ಯಾ ಸಮಗಾರನ ಮಗ?"

"ಹೊಸಾ ಕಥಿರಿ."

"ದಿಲಾವರ?"

ಶೇಂಗಾ ಒಡೆಯೂ ಸಪ್ಪಳ ನಿಂತಿತು. ಜುಲೇಖಾ ಒಮ್ಮೆ ಹನಮವ್ವನ ಕಡೆ ನೋಡಿ ಲಗುಲಗು ಹೇಳಿದಳು.

"ಅಯ್ಯ, ಅದು ಮುಗೀತಲ್ರಿ. ಚಲೋ ಆತು. ಅವ ಮನಿ ಮುಟ್ಟಿದ. ಬಾಗಿಲ ಬಡದ, 'ಮಹರು, ಮಹರು' ಅಂತ ಕರದ. ಅಕಿ ಓಡಿ ಬಂದಳು. ಕುದರಿ ಬಾದಶಹಗ ಕೊಟ್ಟ. ಸುಖದಿಂದ ಅದಾರ."

ನಾನು ಆಕಿ ಮಾರಿ ನೋಡಿದೆ. ಆಕಿಗೆ ಏನೂ ಗೊತ್ತಾಗಲಿಲ್ಲ. ಬಾವಿ ಕಥಿ, ಬಾಗಿಲ ಬಡೀಬಾರದು ಅನ್ನೂ ಆಣಿ, ಆಕಿ ಕೇಳಿಲ್ಲ. ನಾನ ಬಿಡಿಸಿದ್ದೆ. ರುಕ್ಮವ್ವ ತಲಿ ಬಗ್ಗಿಸಿದಳು. ಹನಮವ್ವ ಸಿಪ್ಪಿ ಕೇರಾಕ ಮರ ಎತ್ತಿಕೊಂಡಳು, ಅದರಾಗ ಸಿಪ್ಪಿ ಇರಲಿಲ್ಲ.

"ಬಾಗಿಲ ಬಡದನ?" ಅಂದೆ.

"ಹೂನ್ರಿ, ಜೋರ ಬಡದ."

"ರುಕ್ಮವ್ವಾ, ನಿನ್ನ ಮೊಮ್ಮಗ ಹೆಂಗದಾನಬೇ?"

ರುಕ್ಮವ್ವ ಕೈಯಾಗಿನ ಶೇಂಗಾ ಮತ್ತ ರಾಶಿಗೆ ಹಾಕಿದಳು. ಆಕಿ ಮಗಳು ಹಡದಿರಲಿಲ್ಲ. ಕಥಿ ಮುಗಿದರ ಬೆಲ್ಲ ಪುಟಾಣಿ ಹಂಚಬೇಕು ಅಂತ ಪೀರಾಂಬಿ ಮಾವನ ಕಾಲದ ಪದ್ಧತಿ. ಬಾಯಾಗ ಬೆಲ್ಲ ಇಟ್ಟುಕೊಂಡು ಎಲ್ಲಾರೂ ಕೂಡಿ ಏಳಬೇಕು. ಅವರು ಎದ್ದಿದ್ದರು. ನನ್ನ ಪಾಲು ಮನಿಗೆ ಕಳಸಿದ್ದರು, ಸುಳ್ಳು ಹೇಳಿ.

ನಾನು ಸೀದಾ ಪೀರಾಂಬಿ ಮನಿಗೆ ಹೋದೆ. ಆಕಿ ಅಂಗಳದಾಗ ಬಾಬುಸಾಬನ ಹಳೇ ಅಂಗಿ ತಿಕ್ಕುತ್ತಿದ್ದಳು. ನನ್ನ ನೋಡಿ ಎದ್ದಳು, ಕೈ ಒರಸಿಕೊಂಡಳು.

"ಬಾರಬೇ ನೂರಾ. ನಾನ ಬರಾಕತ್ತಿದ್ದೆ."

"ಆಣಿ ಮಾಡಿದ್ದಿ."

"ಕುಂದರು ಮೊದಲ."

"ಕುಂತು ಕುಂತು ಬಂದೀನಿ. ಹೇಳು."

ಆಕಿ ಬಚ್ಚಲಕಲ್ಲಿನ ಮ್ಯಾಲ ಕುಂತಳು.

"ಅವ ಉಪ್ಪಿನ ಬಯಲಿಗೆ ಬಂದಿದ್ದ. ಅಲ್ಲೇ ಸಾಯತಾನ ನೂರಾ. ನಮ್ಮ ಮಾವ ಹೇಳುವಾಗೂ ಅಲ್ಲೇ ಸಾಯತಿದ್ದ. ನಿನ್ನ ಮುಂದ ಕುಂತು ಅವನ್ನ ಹೆಂಗ ಸಾಯಿಸ್ಲಿ ನಾನು? ಹಾದಿ ಮ್ಯಾಲ, ಮನಿಯಿಂದ ದೂರ. ನೀ ಎದ್ದು ಓಡಿ ಹೋಗತಿದ್ದಿ."

"ಅದಕ್ಕ ನಾ ಬರೂಕಿಂತ ಮೊದಲ ಸಾಯಿಸಿದಿ."

"ನಿನ್ನ ಸಲುವಾಗಿಬೇ."

"ನನ್ನ ಸಲುವಾಗಿ ಮಾಡಿದ್ದು ನನಗೊಬ್ಬಾಕಿಗೇ ಗೊತ್ತಿಲ್ಲ. ಎಲ್ಲಾರಿಗೂ ಬಾಯಿಪಾಠ ಮಾಡಿಸಿದಿ."

"ನಿನಗ ನೋವಾಗಬಾರದು ಅಂತ."

"ನನ್ನ ಗಂಡನ ಹೆಣ ಮನಿಗೆ ಬಂದೈತಿ ಖಾಲಾ. ನಾನು ನೋಡೀನಿ. ಕಥ್ಯಾಗಿನವ ಸತ್ತದ್ದು ನೋಡಾಕ ನನಗ ಆಗಂಗಿಲ್ಲೇನು?"

ಒಳಗಿಂದ ಬಾಬುಸಾಬ ಕೆಮ್ಮಿದ.

"ನಾಳಿ ವಖಾರದಾಗ ಮತ್ತೊಮ್ಮೆ ಹೇಳು," ಅಂದೆ. "ಎಲ್ಲಾರ ಮುಂದ. ಉಪ್ಪಿನ ಬಯಲಿನಿಂದ ಹೇಳು. ನಾ ಕುಂತು ಕೇಳತೀನಿ."

"ಬೆಲ್ಲ ಹಂಚಿದ ಮ್ಯಾಲ ಆಗಂಗಿಲ್ಲ. ಒಂದ ಮಂದಿಗೆ ಎರಡು ಸಲ ಕೊನಿ ಹೇಳಬಾರದು ಅಂತ ಮಾವ ಮಾತು ತಗೊಂಡಾನ."

"ಮಾವಗ ಕೊಟ್ಟ ಮಾತು ನಡಸತಿ. ನನಗ ಕೊಟ್ಟದ್ದು?"

ಮನಸಿಲ್ಲದಿದ್ದರೂ ಆಕಿ ನನಗೊಬ್ಬಾಕಿಗೆ ಕೊನಿ ಹೇಳಿದಳು, ಅಲ್ಲೇ, ಬಚ್ಚಲಕಲ್ಲಿನ ಮ್ಯಾಲ, ನೆಲ ನೋಡಿಕೊಂಡು. ಕೈ ಎತ್ತಲಿಲ್ಲ. ದಿಲಾವರ ನೀರಿಲ್ಲದ ಉಪ್ಪಿನ ಬಯಲಾಗ ಬಿದ್ದ. ಕುದರಿ ತಾನೊಂದ, ಹಾದಿ ಹುಡುಕಿಕೊಂಡು, ಊರಿಗೆ ಬಂತು. ಖುರದ ಸಪ್ಪಳ ಕೇಳಿ ಮಹರು ತಾನಾಗಿ ಹೊರಗ ಬಂದಳು. ನೋಡಿದರ ಕುದರಿ ಬೆನ್ನ ಮ್ಯಾಲ ಯಾರೂ ಇಲ್ಲ.

"ಆಮ್ಯಾಲ?"

"ಆಮ್ಯಾಲ ಅಕಿ ಕುದರಿಗೆ ನೀರ ಕುಡಸತಾಳ. ಅಷ್ಟ."

ಚಲೋ ಕೊನಿ. ಇದಕ್ಕಿಂತ ಚಲೋ ನನಗ ಹೊಳೀತಿರಲಿಲ್ಲ. ಅದ ನನಗ ಹೆಚ್ಚು ಸಿಟ್ಟು ತರಿಸಿತು. ಆ ದಿನ ವಖಾರ ಹೆಂಗ ಇದ್ದಿರಬೇಕು ಅಂತ ನನಗ ಗೊತ್ತು. ಯಾರೂ ಶೇಂಗಾ ಒಡೆದಿರಂಗಿಲ್ಲ. ಪೀರಾಂಬಿ ಕೈ ಮ್ಯಾಲೆ ಎತ್ತಿ ಕುದರಿನ್ನ ಸಾವಕಾಶ ನಡೆಸಿಕೊಂಡು ಬಂದಿರಬೇಕು. ರುಕ್ಮವ್ವ ಸೆರಗು ಬಾಯಾಗ ತುರುಕಿಕೊಂಡಿರಬೇಕು. ಅವರೆಲ್ಲಾ ಒಬ್ಬರನ್ನೊಬ್ಬರು ಹಿಡಿದು ಅತ್ತಾರ. ಅದರಾಗ ನನಗೂ ಒಂದು ಜಾಗಾ ಇತ್ತು. ಮನಿಯಾಗ ನಾನು ಒಬ್ಬಾಕಿನ ಅತ್ತೆ, ನಾಕು ತಿಂಗಳು. ಅಲ್ಲಿ ಎಲ್ಲಾರ ಜೋಡಿ ಅಳತಿದ್ದೆ. ಪೀರಾಂಬಿ ನನಗ ಕೊಟ್ಟದ್ದು ನಾಕು ಮಾತು, ಬಚ್ಚಲದಾಗ.

ನಾನು ವಖಾರ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗಲಿ? ಗಂಡ ಇಲ್ಲ, ಮಕ್ಕಳಿಲ್ಲ, ಕೂಲಿ ಬೇಕು. ಜಾಗಾ ಬದಲಿ ಮಾಡಿದೆ, ಬಾಗಿಲ ಕಡೆ. ಪೀರಾಂಬಿ ಮರಕ್ಕ ಕಾಳು ಹಾಕೂದು ಬಿಟ್ಟೆ. ಹನಮವ್ವ ಒಂದು ದಿನ ಬಂದು, "ಎಷ್ಟ ದಿನಾ ಸಿಟ್ಟಬೇ ನಿಂದು? ಕಥಿ ಅದು" ಅಂದಳು. "ಸಿಟ್ಟು ಕಥಿಗಲ್ಲ, ನೀ ಹೇಳಿದ ಸುಳ್ಳಿಗೆ" ಅಂದೆ. ಆಕಿ ಮತ್ತ ಬರಲಿಲ್ಲ. ಸಮಗಾರನ ಮಗನ ಕಥಿ ನಡೀತಿತ್ತು. ಪೀರಾಂಬಿ ಮೊದಲಿಗಿಂತ ಜೋರಾಗಿ ಹೇಳತಿದ್ದಳು, ಬಾಗಿಲ ತನಕ ಮುಟ್ಟಲಿ ಅಂತ. ಮುಟ್ಟತಿತ್ತು. ನಾನು ಕಿವಿ ಮುಚ್ಚಿಕೊಂಡಿರಲಿಲ್ಲ.

ಹೋದ ಸುಗ್ಗಿಗೆ ಜೈನಾಪುರದಿಂದ ಪರಸವ್ವ ಅನ್ನಾಕಿ ಬಂದಳು. ಜಾಗಾ ಇಲ್ಲದ್ದಕ್ಕ ನನ್ನ ಬಾಜೂಕ ಕುಂತಳು. ಕಥಿ ಸುರುವಾದ ಮ್ಯಾಲ ಅತ್ತ ಇತ್ತ ನೋಡಿದಳು.

"ಯಕ್ಕಾ, ಈ ಅತ್ತಿ ಯಾರ ಅತ್ತೀರಿ?"

ನಾನು ಒಡೆಯುತ್ತಿದ್ದೆ. ಪೀರಾಂಬಿ ಕಥಿ ನಿಲ್ಲಿಸಿದಳು. ಜುಲೇಖಾ ಏಳಾಕ ಹೊಂಟಿದ್ದಳು, ಪೀರಾಂಬಿ ಆಕಿ ಸೀರಿ ಹಿಡಿದು ಕುಂದ್ರಿಸಿದಳು. ರಾಶಿಯ ಆ ಕಡೆಯಿಂದ ನನ್ನ ನೋಡಿದಳು. ದನಿ ಸಣ್ಣದಾಗಿತ್ತು.

"ನೂರಾ, ಅಕಿನ ಒಳಗ ಕರಕೋಬೇ."

ಎಲ್ಲಾರೂ ಕೈ ನಿಲ್ಲಿಸಿದರು. ಪರಸವ್ವ ನನ್ನ ಮಾರಿ ನೋಡುತ್ತಿದ್ದಳು. ಆ ಅತ್ತಿ ಯಾರ ಅತ್ತಿ ಅಂತ ನನಗ ಚಲೋತಂಗ ಗೊತ್ತಿತ್ತು. ಸಮಗಾರನ ಮಗ ಎಲ್ಲಿಂದ ಹೊಂಟ, ಎಲ್ಲಿ ಎಳೀತೈತಿ, ಏನು ಬಿಡಬಹುದು, ಎಲ್ಲಾ ಗೊತ್ತಿತ್ತು.

"ನೀನ ಹೇಳು ಖಾಲಾ," ಅಂದೆ. "ಮೊದಲಿಂದ ಹೇಳು. ಏನೂ ಬಿಡಬ್ಯಾಡ, ಏನೂ ಮುಚ್ಚಬ್ಯಾಡ. ಅಕಿ ಹೊಸಬಳು, ನಂಬತಾಳ."

ಪೀರಾಂಬಿ ಜುಲೇಖಾನ ಸೀರಿ ಬಿಟ್ಟಳು. ಆಮ್ಯಾಲ ಪರಸವ್ವನ ಕಡೆ ತಿರುಗಿ ಸಮಗಾರ ಹುಟ್ಟಿದ್ದರಿಂದ ಸುರು ಮಾಡಿದಳು. ನಾನು ಒಡೆದ ಕಾಳು ಅಳತಿಗೆ ಕೊಟ್ಟು, ಇನ್ನೊಂದು ಚೀಲ ತರಾಕ ಹೊರಗ ಹೋದೆ.